ರೋಡ್ ಟ್ರಿಪ್ ಸಿನೆಮಾದಲ್ಲಿ ಆರ್‌ಸಿ ಬುಕ್ ಯಾರ ಹೆಸರಲ್ಲಿದೆ?

ಲಾಂಗ್ ವೀಕೆಂಡ್ ಹತ್ತಿರ ಬಂತೆಂದರೆ ಬೆಂಗಳೂರಿನ ಆಫೀಸುಗಳ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಪಟ್ಟಿ ಓಡಾಡಲು ಶುರುವಾಗುತ್ತದೆ: ನೋಡಲೇಬೇಕಾದ ಹತ್ತು ರೋಡ್ ಟ್ರಿಪ್ ಸಿನೆಮಾಗಳು. ಅದರಲ್ಲಿ 'ದಿಲ್ ಚಾಹ್ತಾ ಹೈ' ಇರುತ್ತದೆ, 'ಜಿಂದಗಿ ನಾ ಮಿಲೇಗಿ ದೋಬಾರಾ' ಇರುತ್ತದೆ, 'ಹೈವೇ' ಇರುತ್ತದೆ. ಈಚೆಗೆ ನಮ್ಮ '777 ಚಾರ್ಲಿ' ಕೂಡ ಸೇರಿಕೊಂಡಿದೆ. ಎಲ್ಲವನ್ನೂ ನೋಡಿದ್ದೇನೆ, ಕೆಲವನ್ನು ಎರಡೆರಡು ಸಲ. ಹಾಸ್ಟೆಲಿನಲ್ಲಿ ಬಿಇ ಓದುವಾಗ ಇವುಗಳ ಹಾಡು ಕೇಳುತ್ತಲೇ ಅಸೈನ್‌ಮೆಂಟ್ ಬರೆದವನು ನಾನು. ಆದ್ದರಿಂದ ಇದು ಈ ಸಿನೆಮಾಗಳ ಮೇಲೆ ಸಿಟ್ಟಿರುವವನ ಬರಹ ಅಲ್ಲ. ನನ್ನದು ಒಂದೇ ಒಂದು ತಕರಾರು. ಇವುಗಳಲ್ಲಿ ಗಾಡಿ ಎಲ್ಲಿಂದ ಬಂತು ಅಂತ ಯಾರೂ ಹೇಳುವುದಿಲ್ಲ.

2001ರಲ್ಲಿ ಮೂವರು ಗೆಳೆಯರು ಓಪನ್ ಮರ್ಸಿಡಿಸ್‌ನಲ್ಲಿ ಗೋವಾಕ್ಕೆ ಹೋದರು. ನಮ್ಮ ಪೀಳಿಗೆಗೆ 'ದೋಸ್ತಿ' ಅಂದರೆ ಏನು ಅಂತ ಆ ಒಂದು ಹಾಡು ಕಲಿಸಿಬಿಟ್ಟಿತು. 2011ರಲ್ಲಿ ಇನ್ನು ಮೂವರು ಸ್ಪೇನ್‌ಗೆ ಹೋದರು: ಸಮುದ್ರಕ್ಕೆ ಇಳಿದರು, ಆಕಾಶದಿಂದ ಹಾರಿದರು, ಕೊನೆಗೆ ಗೂಳಿಗಳ ಮುಂದೆ ಓಡಿದರು. 2014ರ 'ಹೈವೇ'ಯಲ್ಲಿ ಟ್ರಕ್ಕೇ ಇದೆ. ಶ್ರೀಮಂತರ ಮನೆಯ ಹುಡುಗಿಗೆ ಆ ಟ್ರಕ್ಕಿನಲ್ಲಿ ಮೊದಲ ಸಲ ಬಿಡುಗಡೆ ಸಿಗುತ್ತದೆ. ಸಿನೆಮಾ ಚೆನ್ನಾಗಿದೆ, ಆಲಿಯಾ ಭಟ್ ಚೆನ್ನಾಗಿ ಮಾಡಿದ್ದಾರೆ. ನನ್ನ ತಲೆಯಲ್ಲಿ ಮಾತ್ರ ಬೇರೆಯೇ ಪ್ರಶ್ನೆ: ಈ ಗಾಡಿಯ ಎಫ್‌ಸಿ ಯಾವಾಗ ಮುಗಿಯುತ್ತದೆ? ಟೈರು ರೀಸೋಲಾ, ಹೊಸವಾ? ಇಷ್ಟು ದಿನ ಲೋಡಿಲ್ಲದೆ ಓಡಿಸಿದರೆ ಈ ತಿಂಗಳ ಕಂತು ಯಾರು ಕಟ್ಟುತ್ತಾರೆ?

ನಿಮಗೆ ನಗು ಬರಬಹುದು. ಆದರೆ ಇದನ್ನು ಕೇಳುವುದು ಸಿನೆಮಾ ಹಾಳು ಮಾಡುವುದಕ್ಕಲ್ಲ. ಕಥೆಯಿಂದ ರೊಕ್ಕವನ್ನು ತೆಗೆದುಹಾಕಿದರೆ ಅದರ ಜೊತೆಗೆ ಇನ್ನೇನು ಹೋಗುತ್ತದೆ ಅನ್ನುವುದನ್ನು ನೋಡಬೇಕಾಗಿದೆ. ನನ್ನ ಪ್ರಕಾರ ಹೋಗುವುದು ಗೆಳೆತನವೇ. ಯಾವುದನ್ನು ತೋರಿಸಲು ಈ ಸಿನೆಮಾಗಳು ಹೊರಟಿವೆಯೋ ಅದೇ.

ನಮ್ಮೂರು ಸಂತಪುರ, ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕು. ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಒಂದೇ ಚಹಾದಂಗಡಿಯಲ್ಲಿ ಕೇಳುವ ಸೀಮೆ. ಅಲ್ಲಿ ಯಾರೂ 'ಸುಮ್ಮನೆ' ದೂರ ಹೋಗುತ್ತಿರಲಿಲ್ಲ. ಆದರೆ ನಮ್ಮಲ್ಲೂ ಒಂದು ರೋಡ್ ಟ್ರಿಪ್ ಇತ್ತು. ಅದರ ಹೆಸರು ಎತ್ತಿನ ಖರೀದಿ.

ಬೀದರ್, ಭಾಲ್ಕಿ, ಔರಾದ್ ಹಾಗೂ ಪಕ್ಕದ ಲಾತೂರ್ ಕಡೆ ದೇವಣಿ ತಳಿ ಪ್ರಸಿದ್ಧ. ಬಿಳಿ ಮೈಯ ಮೇಲೆ ಕಪ್ಪು ಮಚ್ಚೆ, ಜೋತುಬಿದ್ದ ಕಿವಿ. ಒಂದು ಜೋಡಿ ಎತ್ತು ತರಬೇಕಂದರೆ ಒಬ್ಬರೇ ಹೋಗುತ್ತಿರಲಿಲ್ಲ. ಕಣ್ಣಿದ್ದವರೊಬ್ಬರನ್ನು ಕರೆದುಕೊಂಡು, ರೊಟ್ಟಿ, ಶೇಂಗಾ ಹಿಂಡಿ ಬುತ್ತಿ ಕಟ್ಟಿಕೊಂಡು ಜಾತ್ರೆಗೆ ಹೋಗಬೇಕು. ಬಾಯಿ ಬಿಡಿಸಿ ಹಲ್ಲು ಎಣಿಸಬೇಕು. ಎರಡು ಹಲ್ಲೋ, ನಾಲ್ಕೋ, ಆರೋ, ಬಾಯಿಗೂಡಿದ್ದೋ ನೋಡಬೇಕು. ನಡೆಸಿ ನೋಡಬೇಕು, ಕೂರಿಸಿ ಎಬ್ಬಿಸಿ ನೋಡಬೇಕು. ಆಮೇಲೆ ಟವೆಲ್ಲಿನ ಕೆಳಗೆ ಕೈ ಹಾಕಿ ಬೆರಳಿನಲ್ಲೇ ರೇಟು ಮಾತಾಡಬೇಕು. ಜೊತೆಗೆ ಬಂದವನ ಕೆಲಸ ಎತ್ತು ಹೊಗಳುವುದಲ್ಲ, ಬೇಡ ಅನ್ನಬೇಕಾದಾಗ ಬೇಡ ಅನ್ನುವುದು. ಕೊಂಡ ಎತ್ತು ಹೊಲದಲ್ಲಿ ಮಲಗಿಬಿಟ್ಟರೆ ಊರವರು ಕೊಂಡವನಿಗಿಂತ ಜಾಸ್ತಿ ಜೊತೆಗೆ ಹೋದವನನ್ನು ಬೈಯುತ್ತಿದ್ದರು.

ಸ್ಪೇನ್‌ನಲ್ಲಿ ಗೂಳಿ ಕಂಡರೆ ಓಡಿದರು, ನಾವು ಗೂಳಿಯ ಬಾಯಿ ಬಿಡಿಸಿ ಹಲ್ಲು ಎಣಿಸಿದೆವು. ಎರಡೂ ಪ್ರಯಾಣದ ಕಥೆಗಳೇ. ಒಂದಕ್ಕೆ ಮಾತ್ರ ಪೋಸ್ಟರ್ ಇದೆ.

ಹೋದ ವರ್ಷ ಸೋಯಾ ರಾಶಿ ಮುಗಿದ ಮೇಲೆ ನನ್ನ ದೋಸ್ತ ಫೋನ್ ಮಾಡಿದ. ಹನ್ನೊಂದು ವರ್ಷ ಬೇರೆಯವರ ಲಾರಿ ಓಡಿಸಿದವನು ಅವನು. ಸೋಯಾ ಲಾತೂರಿಗೆ, ತೊಗರಿ ಕಲಬುರಗಿಯ ದಾಲ್ ಮಿಲ್ಲಿಗೆ, ಮಧ್ಯೆ ಸಿಕ್ಕಿದ ಲೋಡು ಎಲ್ಲೆಲ್ಲಿಗೋ. "ಇನ್ನ ಎಷ್ಟ್ ದಿನ ಮಂದಿ ಗಾಡಿ ಹೊಡೀಲಿ? ನಾಮಕ್ಕಲ್‌ಗೆ ಹೋಗಿ ಬರೋಣು ನಡಿ. ನೀ ಕಾಗದ ನೋಡು, ನಾ ಗಾಡಿ ನೋಡ್ತೀನಿ" ಅಂದ. ನಾನು ಹಬ್ಬಕ್ಕೆ ಊರಿಗೆ ಹೋಗಿದ್ದೆ, ಕಾರಿತ್ತು. ಹೊರಟೆವು.

ನಾಮಕ್ಕಲ್ ಯಾಕೆ ಅಂತ ಕೇಳಿದರೆ: ತಮಿಳುನಾಡಿನ ಆ ಊರು ಮೊಟ್ಟೆಗೆ ಎಷ್ಟು ಹೆಸರುವಾಸಿಯೋ ಲಾರಿಗೂ ಅಷ್ಟೇ. ಬಾಡಿ ಕಟ್ಟುವವರು, ಗ್ಯಾಸ್ ಟ್ಯಾಂಕರ್ ಮಾಲೀಕರು, ಪಕ್ಕದ ತಿರುಚೆಂಗೋಡಿನಲ್ಲಿ ದೇಶವೆಲ್ಲಾ ಸುತ್ತುವ ಬೋರ್‌ವೆಲ್ ಗಾಡಿಗಳು. ಲಾರಿ ಜಾಸ್ತಿ ಇರುವಲ್ಲಿ ಹಳೆ ಲಾರಿಯೂ ಜಾಸ್ತಿ, ಅದನ್ನು ಬಲ್ಲ ಮೇಸ್ತ್ರಿಗಳೂ ಜಾಸ್ತಿ. ಸಂತಪುರದಿಂದ ಬೀದರ್, ಜಹೀರಾಬಾದ್ ದಾಟಿ ಹೈದರಾಬಾದ್. ಅಲ್ಲಿಂದ ಹೆದ್ದಾರಿ 44 ಹಿಡಿದರೆ ಕರ್ನೂಲು, ಅನಂತಪುರ, ಬೆಂಗಳೂರು, ಕೃಷ್ಣಗಿರಿ, ಸೇಲಂ, ನಾಮಕ್ಕಲ್. ಹತ್ತಿರ ಹತ್ತಿರ ಸಾವಿರ ಕಿಲೋಮೀಟರ್.

ಆ ರಸ್ತೆಯ ವರ್ಣನೆಯಿಂದ ನಿಮಗೆ ಬೇಸರ ತರಿಸುವುದಿಲ್ಲ. ಚಹಾ ಕುಡಿದೆವು, ನಿದ್ದೆಗೆಟ್ಟೆವು, ಅಷ್ಟೇ. ಒಂದು ಮಾತು ಮಾತ್ರ ಹೇಳಬೇಕು. ಹೆದ್ದಾರಿಯಲ್ಲಿ ನಾನು ಬೆಟ್ಟ, ಆಕಾಶ ನೋಡುತ್ತಿದ್ದರೆ ಅವನು ಮುಂದೆ ಹೋಗುವ ಲಾರಿಗಳ ಹಿಂದಿನ ಆಕ್ಸಲ್ ನೋಡುತ್ತಿದ್ದ. "ಇದರ ಚಾಸಿಸ್ ಬೆಂಡಾಗ್ಯಾದ ನೋಡು, ಓರೆ ಓಡ್ಲತ್ತದ" ಅನ್ನುವನು. ಧರ್ಮಪುರಿ ದಾಟಿ ತೊಪ್ಪೂರು ಘಾಟಿನ ಇಳಿಜಾರಿನಲ್ಲಿ ಬ್ರೇಕ್ ಲೈನರ್ ಸುಟ್ಟ ವಾಸನೆ ಬಂದರೆ ಕಿಟಕಿ ಏರಿಸುತ್ತಿರಲಿಲ್ಲ, ಇಳಿಸುತ್ತಿದ್ದ. ಯಾರು ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುತ್ತಿದ್ದಾರೆ ಅಂತ ಸದ್ದಿನಲ್ಲೇ ಹೇಳುತ್ತಿದ್ದ. ನಮ್ಮ ರೋಡ್ ಸಿನೆಮಾಗಳ ಕ್ಯಾಮೆರಾಕ್ಕೆ ಈ ಕಣ್ಣಿಲ್ಲ. ಅದಕ್ಕೆ ರಸ್ತೆ ಅಂದರೆ ದೃಶ್ಯ. ಇವನಿಗೆ ರಸ್ತೆ ಅಂದರೆ ಓದಬೇಕಾದ ಪುಸ್ತಕ.

ಹಳೆ ಲಾರಿಗಳ ಯಾರ್ಡಿಗೆ ಕಾಲಿಟ್ಟಾಗ ನನಗೆ ನೆನಪಾದದ್ದು ಸಿನೆಮಾ ಅಲ್ಲ, ಜಾನ್ ಸ್ಟೈನ್‌ಬೆಕ್‌ನ 1939ರ ಕಾದಂಬರಿ 'ದಿ ಗ್ರೇಪ್ಸ್ ಆಫ್ ರಾತ್'. ಅಮೆರಿಕದಲ್ಲಿ ಬರಗಾಲ, ಸಾಲ, ಟ್ರ್ಯಾಕ್ಟರ್ ಮೂರೂ ಸೇರಿ ಹೊಲ ಬಿಡಿಸಿದ ಮೇಲೆ ರೈತರು ಹಳೆ ಗಾಡಿ ಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊರಡುವ ಕಥೆ. ಜೋಡ್ ಕುಟುಂಬದ್ದು ಹಡ್ಸನ್ ಕಾರನ್ನು ಕತ್ತರಿಸಿ ಟ್ರಕ್ ಮಾಡಿದ ಗಾಡಿ. ಅದರ ಏಳನೇ ಅಧ್ಯಾಯ ಪೂರ್ತಿ ಹಳೆ ಗಾಡಿ ಮಾರುವವರ ಬಾಯಿ. ಕಥೆಯ ಮುಖ್ಯ ಪಾತ್ರಗಳು ಯಾರೂ ಅಲ್ಲಿಲ್ಲ. ಮಾರುವವನು ತನ್ನ ಆಳುಗಳಿಗೆ ಹೇಳಿಕೊಡುತ್ತಾನೆ: ಗೇರು ಸದ್ದು ಮಾಡದಂತೆ ಮರದ ಹೊಟ್ಟು ತುಂಬಿರಿ, ಗಿರಾಕಿ ಒಪ್ಪಿದ ಮೇಲೆ ಒಳ್ಳೆ ಬ್ಯಾಟರಿ ತೆಗೆದು ಸತ್ತದ್ದನ್ನು ಹಾಕಿರಿ, ಹೆಂಡತಿಯ ಮುಖ ನೋಡಿರಿ, ನಾಚಿಕೆ ಸ್ವಭಾವದವನನ್ನು ಬಿಡಬೇಡಿ. ಗಾಡಿ ಬೇಕೇಬೇಕು ಅನ್ನುವವನ ಅಗತ್ಯವನ್ನೇ ವಾಸನೆ ಹಿಡಿದು ಬೆಲೆ ಕಟ್ಟುವುದು ಹೇಗೆ ಅಂತ ಕೆಲವೇ ಪುಟಗಳಲ್ಲಿ ತೋರಿಸಿಬಿಡುತ್ತಾನೆ.

ನಾನು ಓದಿದ ಅತ್ಯುತ್ತಮ ರೋಡ್ ಟ್ರಿಪ್ ಸಾಹಿತ್ಯ ಅದು. ಗಾಡಿ ಇನ್ನೂ ಹೊರಟೇ ಇಲ್ಲ, ಕಥೆ ಆಗಲೇ ಬಿಗಿಯಾಗಿದೆ. ಯಾಕಂದರೆ ಓದುಗನಿಗೆ ಗೊತ್ತು: ಈ ಗೇರ್‌ಬಾಕ್ಸ್ ಮರುಭೂಮಿಯ ನಡುವೆ ಒಡೆದರೆ ಒಂದು ಕುಟುಂಬವೇ ನಿಲ್ಲುತ್ತದೆ. ಮುಂದೆ ಪ್ರತಿಯೊಂದು ಏರಿನಲ್ಲೂ ನಾವು ಎಂಜಿನ್ನಿನ ಸದ್ದಿಗೆ ಕಿವಿ ಕೊಡುತ್ತೇವೆ. ಸ್ಪೇನ್ ಸಿನೆಮಾದಲ್ಲಿ ಕಾರು ಕೆಟ್ಟರೆ ಒಂದು ಹಾಡು ಬರಬಹುದು, ಅಷ್ಟೇ.

ನಾವು ಎರಡು ದಿನದಲ್ಲಿ ಒಂಬತ್ತು ಗಾಡಿ ನೋಡಿದೆವು. ಪೇಂಟು ಎಲ್ಲವೂ ಮದುವೆ ಮನೆ. ದೋಸ್ತ ಮೊದಲು ಮಾಡುತ್ತಿದ್ದ ಕೆಲಸ ಎಂಜಿನ್ ಮೇಲೆ ಕೈ ಇಡುವುದು. ಬೆಚ್ಚಗಿದ್ದರೆ ನಾವು ಬರುವ ಮೊದಲೇ ಸ್ಟಾರ್ಟ್ ಮಾಡಿದ್ದಾರೆ ಅಂತ ಅರ್ಥ. ತಣ್ಣಗಿದ್ದಾಗ ಸ್ಟಾರ್ಟ್ ಆಗಲು ಸತಾಯಿಸುವುದನ್ನು ಮುಚ್ಚಲು ಇದು ಹಳೆ ಉಪಾಯ. ಆಮೇಲೆ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದು ಹೊಗೆ ಬುಸುಗುಡುತ್ತದಾ ನೋಡುವುದು. ಬುಸುಗುಟ್ಟಿದರೆ ಪಿಸ್ಟನ್ ರಿಂಗು ಸವೆದಿದೆ. ಕೆಳಗೆ ಮಲಗಿ ಚಾಸಿಸ್‌ಗೆ ವೆಲ್ಡಿಂಗ್ ಆಗಿದೆಯಾ, ಪಾಟಾದ ಎಲೆ ಮುರಿದಿದೆಯಾ ನೋಡುವುದು. ನನ್ನ ಪಾಲಿಗೆ ಕಾಗದ. ಚಾಸಿಸ್ ನಂಬರಿನ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ, ಬಂದ ಅಚ್ಚನ್ನು ಆರ್‌ಸಿಗೆ ಹೋಲಿಸುವುದು. ಎಂಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿ ಎಫ್‌ಸಿ, ಇನ್ಶೂರೆನ್ಸ್, ಸಾಲ ಇದೆಯಾ ಅಂತ ನೋಡುವುದು. ಬೇರೆ ರಾಜ್ಯದ ಗಾಡಿಯಾದ್ದರಿಂದ ಫಾರಂ 28ರ ಎನ್‌ಒಸಿ, ಮಾರಾಟಕ್ಕೆ 29 ಮತ್ತು 30, ಹಳೆ ಸಾಲ ತೀರಿದ್ದಕ್ಕೆ 35. ಹನ್ನೆರಡು ತಿಂಗಳಿಗಿಂತ ಜಾಸ್ತಿ ನಮ್ಮ ರಾಜ್ಯದಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರು ಹಾಕಿಸಲೇಬೇಕು. ಎಂಟು ವರ್ಷ ದಾಟಿದ ಗಾಡಿಗೆ ಎಫ್‌ಸಿ ಪ್ರತಿವರ್ಷ.

ದಿನಾ ಕೋಡ್ ರಿವ್ಯೂ ಮಾಡುವವನಿಗೆ ಇದು ಪರಿಚಿತ ಕೆಲಸ ಅನ್ನಿಸಿತು. ಒಂದು ವ್ಯತ್ಯಾಸ ಇತ್ತು. ನಾನು ಕೋಡಿನಲ್ಲಿ ಬಗ್ ಬಿಟ್ಟರೆ ಸೋಮವಾರ ಸರಿ ಮಾಡುತ್ತೇನೆ. ಇಲ್ಲಿ ಬಿಟ್ಟರೆ ದೋಸ್ತನ ಮನೆಯ ಎರಡೆಕರೆ ಹೋಗುತ್ತದೆ.

ಒಂಬತ್ತರಲ್ಲಿ ಎಂಟನ್ನು ಬೇಡ ಅಂದ. ಒಂದಂತೂ ನನಗೆ ತುಂಬಾ ಹಿಡಿಸಿತ್ತು. ಕಾಗದ ಪಕ್ಕಾ, ರೇಟೂ ಕಡಿಮೆ. "ಕಾಗದ ಖರೆ ಅವ, ಗಾಡಿ ಸುಳ್ಳ್ ಅದ" ಅಂದ, ಅಷ್ಟೇ. ಒಂಬತ್ತನೆಯದು 2017ರ ಹತ್ತು ಚಕ್ರದ ಗಾಡಿ. ಹದಿಮೂರೂವರೆ ಲಕ್ಷ ಹೇಳಿ ಹನ್ನೆರಡು ಲಕ್ಷ ಅರವತ್ತು ಸಾವಿರಕ್ಕೆ ನಿಂತಿತು. ಎಂಟು ಲಕ್ಷ ಸಾಲ, ವರ್ಷಕ್ಕೆ ಶೇಕಡಾ 16ರ ಬಡ್ಡಿ, ಮೂರು ವರ್ಷ. ತಿಂಗಳ ಕಂತು 28,000 ರೂಪಾಯಿಗಿಂತ ಸ್ವಲ್ಪ ಜಾಸ್ತಿ. ಮೂರು ವರ್ಷಕ್ಕೆ ಬಡ್ಡಿಯೇ ಎರಡು ಲಕ್ಷ ದಾಟುತ್ತದೆ. ಉಳಿದದ್ದು ಸೋಯಾ ರೊಕ್ಕ, ವೈನಿಯ ಬಂಗಾರ. ಜಾಮೀನು ಸಹಿ ನನ್ನದು.

ಐವತ್ತು ಸಾವಿರ ಅಡ್ವಾನ್ಸ್ ಕೊಟ್ಟು ಹೊರಟೆವು. ಇದೂ ಸಿನೆಮಾಕ್ಕೆ ಒಗ್ಗದ ಸಂಗತಿ. ಸಾವಿರ ಕಿಲೋಮೀಟರ್ ಹೋಗಿ ವಾಪಸ್ ಬರುವಾಗ ನಮ್ಮ ಹತ್ತಿರ ಲಾರಿ ಇರಲಿಲ್ಲ, ಒಂದು ರಸೀದಿ ಇತ್ತು. ಸಾಲ ಪಾಸಾಗಿ, ಎನ್‌ಒಸಿ ಬಂದು, ಗಾಡಿ ಕೈಗೆ ಸಿಗಲು ಇನ್ನೂ ಮೂರು ವಾರ.

ತೊಪ್ಪೂರು ಘಾಟು ಏರುವಾಗ ಕೇಳಿದೆ: "ರಿಟರ್ನ್ ಲೋಡ್ ಸಿಗಲಾರ್ದೆ ಎರಡ್ ತಿಂಗಳ ಕಂತ್ ತಪ್ಪಿದ್ರ ಏನ್ ಮಾಡ್ತಿ?"

ಅವನು ಮಾತಾಡಲಿಲ್ಲ. ಧರ್ಮಪುರಿ ಹೋಯಿತು, ಕೃಷ್ಣಗಿರಿ ಹೋಯಿತು. ಹೊಸೂರು ಹತ್ತಿರ ಬಂದಾಗ ಹೇಳಿದ: "ಮೊದಲನೇ ತಿಂಗಳು ತಪ್ಪಿದ್ರ ಮತ್ತ ಮಂದಿ ಗಾಡಿ ಹೊಡೀತೀನಿ, ನಂದಕ್ಕ ಬ್ಯಾರೆ ಡ್ರೈವರ್ ಇಡ್ತೀನಿ. ಎರಡನೇದ್ದು ತಪ್ಪಿದ್ರ ಗಾಡಿ ಮಾರ್ತೀನಿ. ಮೂರನೇದ್ದು ನಿನ್ ತನಕ ಬರಗೊಡಲ್ಲ." ಸ್ವಲ್ಪ ಹೊತ್ತು ಬಿಟ್ಟು, "ನೀ ಕೇಳಿದ್ದು ಛಲೋ ಆಯ್ತು. ಕೇಳಲಾರ್ದೆ ಸಹಿ ಹಾಕಿದ್ರ ನಿನ್ ಮುಂದ ನಾ ಜನ್ಮಕ್ಕ ಸಣ್ಣಾವ ಆಗಿ ಉಳೀತಿದ್ದೆ" ಅಂದ.

ಈ ಮಾತು ಇಟ್ಟುಕೊಂಡು 'ಜಿಂದಗಿ ನಾ ಮಿಲೇಗಿ ದೋಬಾರಾ'ವನ್ನು ಮತ್ತೆ ನೋಡಿ. ಅದರ ಅರ್ಜುನ್ ಲಂಡನ್ನಿನಲ್ಲಿ ಶೇರು ವ್ಯವಹಾರ ಮಾಡುವವನು, ಸದಾ ದುಡ್ಡಿನ ಲೆಕ್ಕದವನು. ಸಿನೆಮಾ ಅದನ್ನು ಒಂದು ಕಾಯಿಲೆ ಥರ ನೋಡುತ್ತದೆ. ಸಮುದ್ರದ ತಳಕ್ಕೆ ಕಳಿಸಿ ಗುಣ ಮಾಡುತ್ತದೆ. ಅವನು ನೀರಿನಿಂದ ಮೇಲೆ ಬಂದು ಕಣ್ಣೀರು ಹಾಕುವ ಜಾಗದಲ್ಲಿ ನನಗೂ ಗಂಟಲು ಕಟ್ಟಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಆ ಚಿಕಿತ್ಸೆ ಫಲಿಸುವುದು ದುಡ್ಡು ಆಗಲೇ ಇದ್ದವನಿಗೆ. ಇಲ್ಲದವನಿಗೆ ದುಡ್ಡಿನ ಲೆಕ್ಕ ಕಾಯಿಲೆಯಲ್ಲ, ಮರ್ಯಾದೆ. ಆ ಸಿನೆಮಾ ಪ್ರಕಾರ ಒಳ್ಳೆ ಗೆಳೆಯ ಅಂದರೆ ಲೆಕ್ಕ ಮರೆಸುವವನು. ನಾಮಕ್ಕಲ್ ದಾರಿಯಲ್ಲಿ ಒಳ್ಳೆ ಗೆಳೆಯ ಅಂದರೆ ಲೆಕ್ಕ ಕೇಳುವವನು, ಕೇಳಿದ ಮೇಲೂ ಸಹಿ ಹಾಕುವವನು. ಎತ್ತಿನ ಜಾತ್ರೆಗೆ ಜೊತೆಗೆ ಹೋದವನ ಕೆಲಸವೂ ಅದೇ ಆಗಿತ್ತಲ್ಲ?

ಕನ್ನಡದಲ್ಲಿ ಇಂಥ ಕಥೆ ಬಂದಿಲ್ಲವಾ ಅಂತ ಕೇಳಿದರೆ, ಹತ್ತಿರ ಬಂದದ್ದು 2022ರ ಡಿಸೆಂಬರ್‌ನಲ್ಲಿ ತೆರೆಕಂಡ 'ವಿಜಯಾನಂದ'. ವಿಜಯ ಸಂಕೇಶ್ವರ ಅವರ ಜೀವನ ಆಧರಿಸಿದ ಚಿತ್ರ, ನಿರ್ದೇಶನ ರಿಷಿಕಾ ಶರ್ಮಾ. ಗದಗಿನಲ್ಲಿ ಅಪ್ಪನ ಪ್ರಿಂಟಿಂಗ್ ವ್ಯವಹಾರದಿಂದ ಹೊರಬಂದು 1976ರಲ್ಲಿ ಒಂದೇ ಲಾರಿಯಿಂದ ಶುರು ಮಾಡಿದವರು, ಮುಂದೆ ಸಾವಿರಾರು ಗಾಡಿಗಳ ವಿಆರ್‌ಎಲ್ ಕಟ್ಟಿದರು, ಪತ್ರಿಕೆ ನಡೆಸಿದರು, ಸಂಸದರಾದರು. ಉತ್ತರ ಕರ್ನಾಟಕದ ಒಬ್ಬ ಲಾರಿ ಮಾಲೀಕ ಕನ್ನಡ ಸಿನೆಮಾದ ಹೀರೋ ಆಗಿದ್ದು ಸಣ್ಣ ಮಾತಲ್ಲ. ನಮ್ಮ ತೆರೆಯ ಮೇಲೆ ಲಾರಿ ಬಂದರೆ ಸಾಮಾನ್ಯವಾಗಿ ಯಾರನ್ನೋ ಗುದ್ದಿ ಸಾಯಿಸಲು ಬರುತ್ತದೆ. ಇಲ್ಲಿ ಅದು ದುಡಿಯಲು ಬಂತು. ಅಷ್ಟಕ್ಕೆ ನಾನು ಕೃತಜ್ಞ.

ಆದರೆ ಚಿತ್ರ ನಿರ್ಮಿಸಿದ್ದು ವಿಆರ್‌ಎಲ್ ಸಮೂಹದ್ದೇ ಸಂಸ್ಥೆ. ತನ್ನ ಮನೆಯ ಕಥೆಯನ್ನು ತಾನೇ ಹೇಳಿದಾಗ ಅನುಮಾನಕ್ಕೆ ಜಾಗ ಕಡಿಮೆ. ಅದಕ್ಕಿಂತ ದೊಡ್ಡ ತೊಂದರೆ ಬಯೋಪಿಕ್ ಎಂಬ ರೂಪದ್ದೇ. ಅದರ ವ್ಯಾಕರಣ ಗುಣಾಕಾರ. ಮೊದಲನೇ ಲಾರಿ ಮುಖ್ಯ ಆಗುವುದು ಅದು ಮುಂದೆ ಸಾವಿರ ಆಗುತ್ತದೆ ಅನ್ನುವ ಕಾರಣಕ್ಕೆ. ಟಿಕೆಟ್ ತಗೊಳ್ಳುವಾಗಲೇ ನಮಗೆ ಉತ್ತರ ಗೊತ್ತು. ಆದ್ದರಿಂದ ಎಂಥ ಕಷ್ಟ ಬಂದರೂ ಅದು ಮುಂದಿನ ಗೆಲುವಿನ ಮುಂಗಡ ಅಷ್ಟೇ. ನಮ್ಮ ದೇಶದ ಲಾರಿ ಮಾಲೀಕರಲ್ಲಿ ಹೆಚ್ಚಿನವರು ಒಂದು, ಎರಡು, ಹೆಚ್ಚೆಂದರೆ ಐದು ಗಾಡಿ ಇಟ್ಟುಕೊಂಡವರು. ಅವರ ಒಂದು ಲಾರಿ ಸಾವಿರ ಆಗುವುದಿಲ್ಲ. ಒಂದು ಲಾರಿ ಒಂದಾಗಿಯೇ ಉಳಿದು ಕಂತು ತೀರಿದರೆ ಅದೇ ಗೆಲುವು. ಆ ಗೆಲುವಿಗೆ ನಮ್ಮಲ್ಲಿ ಕಥೆಯ ರೂಪವೇ ಇಲ್ಲ.

ಬೇರೆ ಭಾಷೆಯಲ್ಲಿ ಇದೆ. ಋತ್ವಿಕ್ ಘಟಕ್ 1958ರಲ್ಲಿ ಮಾಡಿದ ಬಂಗಾಳಿ ಸಿನೆಮಾ 'ಅಜಾಂತ್ರಿಕ್', ಸುಬೋಧ್ ಘೋಷ್ ಅವರ ಸಣ್ಣಕಥೆ ಆಧರಿಸಿದ್ದು. ಬಿಮಲ್ ಎಂಬ ಟ್ಯಾಕ್ಸಿ ಡ್ರೈವರ್, ಜಗದ್ದಲ್ ಎಂಬ ಹೆಸರಿನ ಅವನ ಹಳೆ ಷೆವರ್ಲೆ. ಊರವರು ನಗುತ್ತಾರೆ. ಅವನು ಗಾಡಿಯ ಜೊತೆ ಮಾತಾಡುತ್ತಾನೆ, ನೀರು ಕುಡಿಸುತ್ತಾನೆ, ಹುಸಿಮುನಿಸು ಮಾಡುತ್ತಾನೆ. ಕೊನೆಗೆ ಗಾಡಿ ಗುಜರಿಗೆ ಹೋಗುತ್ತದೆ. ಅದರ ಹಾರ್ನು ಒಂದು ಮಗುವಿನ ಕೈಗೆ ಸಿಕ್ಕಿ ಸದ್ದು ಮಾಡುತ್ತದೆ, ಬಿಮಲ್‌ನ ಅಳುವ ಮುಖದಲ್ಲಿ ನಗು ಮೂಡುತ್ತದೆ. ಒಂದೇ ಗಾಡಿ. ಅದು ಎರಡಾಗುವುದಿಲ್ಲ. ಆದರೂ ಬಿಮಲ್ ಸೋತ ಅಂತ ಅನ್ನಿಸುವುದಿಲ್ಲ. ಯಂತ್ರ ಒಂದು ಆಸ್ತಿ ಮಾತ್ರ ಅಲ್ಲ, ದುಡಿಯುವ ಜೊತೆಗಾರ ಅನ್ನುವುದನ್ನು ಘಟಕ್ ಎತ್ತಿನ ಜಾತ್ರೆ ಕಂಡವನ ಹಾಗೆ ತೋರಿಸಿದ್ದಾರೆ. ನಮ್ಮ ಕಡೆ ಹೊಸದಾಗಿ ಬಂದ ಎತ್ತಿಗೂ, ಹಳೆ ಲಾರಿಗೂ ಒಂದೇ ಥರ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆಯುತ್ತಾರೆ. ಅದು ಬರೀ ಮೂಢನಂಬಿಕೆ ಅಂದುಕೊಂಡಿದ್ದವರು ಈ ಸಿನೆಮಾ ನೋಡಬೇಕು.

ಒಂದು ಆಕ್ಷೇಪ ಬರಬಹುದು: ಎಲ್ಲಾ ಸಿನೆಮಾಗಳೂ ಸಾಲದ ಲೆಕ್ಕ ಹೇಳುತ್ತಾ ಕೂತರೆ ಯಾರು ನೋಡುತ್ತಾರೆ, ವಾರವಿಡೀ ದುಡಿದವರಿಗೆ ಎರಡು ಗಂಟೆ ಹಾರಾಡಲು ಬೇಡವಾ? ಬೇಕು. ನನಗೂ ಬೇಕು. ಸ್ಪೇನ್‌ಗೆ ಹೋಗುವ ಸಿನೆಮಾ ಇರಲಿ. ಆದರೆ ಗೆಳೆತನ, ಬಿಡುಗಡೆ, ರಸ್ತೆ ಅಂದರೆ ಅದೊಂದೇ ಅಂತ ಅನ್ನಿಸುವಷ್ಟು ಅದೇ ಬಂದಾಗ ನಮ್ಮ ಕಣ್ಣಿಗೆ ಏನೋ ಆಗುತ್ತದೆ. ಈ ಬರಹ ಓದುತ್ತಿರುವ ನಮ್ಮಲ್ಲಿ ಬಹಳಷ್ಟು ಮಂದಿ ಮೂರನೇ ತಾರೀಕಿಗೋ ಐದನೇ ತಾರೀಕಿಗೋ ಕಂತು ಕಟ್ಟುವವರೇ: ಫ್ಲಾಟಿನದ್ದು, ಕಾರಿನದ್ದು, ಫೋನಿನದ್ದು. ಅದು ಖಾತೆಯಿಂದ ತಾನೇ ಕಟ್ ಆಗುವುದರಿಂದ ನಮಗೆ ಕಾಣುವುದಿಲ್ಲ. ಹಾಗಾಗಿ ವೀಕೆಂಡಿಗೆ ಚಿಕ್ಕಮಗಳೂರಿಗೆ ಹೊರಟಾಗ ನಾವೂ ಆ ಮೂವರ ಹಾಗೆಯೇ ಅಂದುಕೊಳ್ಳುತ್ತೇವೆ. ನಮ್ಮನ್ನು ಓವರ್‌ಟೇಕ್ ಮಾಡಲು ಬಿಡದ ಲಾರಿಯವನಿಗೆ ಹಾರ್ನ್ ಹೊಡೆದು ಬೈಯುತ್ತೇವೆ. ಅವನೂ ಕಂತಿನವನೇ. ಅವನದ್ದು ಮಾತ್ರ ಮೈಮೇಲೆ ಕಾಣುತ್ತದೆ.

ಒಬ್ಬ ಒಳ್ಳೆ ನಿರ್ದೇಶಕನಿಗೆ ಇಲ್ಲಿ ಸಾಮಗ್ರಿ ರಾಶಿ ಬಿದ್ದಿದೆ. ಇಬ್ಬರು ಗೆಳೆಯರು, ಒಂದು ಯಾರ್ಡು, ತಣ್ಣಗಿರುವ ಎಂಜಿನ್ನಿನ ಮೇಲೆ ಒಂದು ಕೈ. ವಿಲನ್ ಬೇಡ, ಅಪಘಾತ ಬೇಡ. ಗಾಡಿ ಸರಿಯಿದೆಯಾ ಇಲ್ಲವಾ ಅನ್ನುವ ಒಂದೇ ಪ್ರಶ್ನೆ ಅರ್ಧ ಸಿನೆಮಾ ಹಿಡಿದಿಡುತ್ತದೆ. ಗೆಳೆಯ ಸಹಿ ಹಾಕುತ್ತಾನಾ ಇಲ್ಲವಾ ಅನ್ನುವುದು ಉಳಿದರ್ಧ. ಹಾಡು ಬೇಕಾದರೆ ಇರಲಿ, ನಾವೂ ದಾರಿಯಲ್ಲಿ ಹಾಡು ಹಾಕಿಕೊಂಡೇ ಹೋದೆವು. ಕೊನೆಯಲ್ಲಿ ಅವನನ್ನು ಸಾವಿರ ಲಾರಿಯ ಮಾಲೀಕ ಮಾಡಬೇಡಿ, ಗಾಡಿಯನ್ನು ಕಣಿವೆಗೂ ಬೀಳಿಸಬೇಡಿ. ಮೂವತ್ತಾರನೇ ಕಂತು ಕಟ್ಟಿ, ಸಾಲ ತೀರಿದ ಕಾಗದ ಹಿಡಿದು ಆರ್‌ಟಿಒ ಆಫೀಸಿನ ಸಾಲಿನಲ್ಲಿ ನಿಂತಿರುವ ಒಬ್ಬ ಮನುಷ್ಯನನ್ನು ತೋರಿಸಿ. ಅವನ ಮುಖ ಸರಿಯಾಗಿ ತೋರಿಸಿದರೆ ಸಾಕು, ಅದು ಸ್ಕೈಡೈವಿಂಗಿಗಿಂತ ಎತ್ತರದಲ್ಲಿರುತ್ತದೆ.